ತರಗತಿಯಲ್ಲಿ ಕೂಗಿದ ವೀಳ್ಯ

೧೯೪೧ರಲ್ಲಿ ನನಗೆ ಇಪ್ಪತ್ತಮೂರು ವರ್ಷ. ಮೈಸೂರಿನಲ್ಲಿ ಮೇಷ್ಟ್ರ ತರಬೇತಿ ಮುಗಿಸಿಕೊಂಡು, ಮಂಡ್ಯ ಜಿಲ್ಲೆಯ ಒಂದು ಹಳ್ಳಿಯ ಮಿಡ್ಲ್ ಸ್ಕೂಲಿಗೆ ಇಂಗ್ಲಿಷ್ ಕಲಿಸಲು ಹೋದೆ. ಮಂಡ್ಯವನ್ನು ಜಿಲ್ಲೆ ಎಂದು ಕರೆಯಲು ಶುರುವಾಗಿ ಆಗಿನ್ನೂ ಎರಡು ವರ್ಷವಾಗಿತ್ತು. ಊರಿನ ಹೆಸರು ಹೇಳುವುದಿಲ್ಲ. ಆ ಮನೆತನಗಳು ಇನ್ನೂ ಅಲ್ಲೇ ಇವೆ, ಮತ್ತು ನನ್ನ ಹೆದರಿಕೆ ಪೂರ್ತಿ ಹೋಗಿದೆ ಎಂದು ಈ ವಯಸ್ಸಿನಲ್ಲೂ ಎದೆ ತಟ್ಟಿಕೊಂಡು ಹೇಳಲಾರೆ. ಕೊತ್ತತ್ತಿಯಿಂದ ಆಚೆಗೆ, ನಾಲೆ ನೀರು ಬಂದ ಮೇಲೆ ಭತ್ತ ಕಬ್ಬು ಕಂಡ ಊರು ಎಂದಷ್ಟು ತಿಳಿದರೆ ಸಾಕು.

ನಾನು ಹುಟ್ಟಾ ಪುಕ್ಕಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಮುಂದೆ ಬರುವ ಸಂಗತಿಯಲ್ಲಿ ನನ್ನನ್ನು ಯಾರಾದರೂ ಧೀರ ಎಂದುಕೊಂಡುಬಿಟ್ಟಾರು. ಬೀದಿನಾಯಿ ಕಂಡರೆ ದಾರಿ ಬದಲಿಸುವವನು, ಶಾಲಾ ಇನ್‌ಸ್ಪೆಕ್ಟರ್ ಬರುತ್ತಾರೆಂದರೆ ಹಿಂದಿನ ದಿನದಿಂದಲೇ ಊಟ ಬಿಡುವವನು ನಾನು. ಆದರೆ ಕಲಿಸುವ ವಿಷಯದಲ್ಲಿ ಮಾತ್ರ ಆಗ ನನಗೆ ಎಲ್ಲಿಲ್ಲದ ಹುಮ್ಮಸ್ಸು. ತರಬೇತಿಯಲ್ಲಿ ನಮಗೆ ಡೈರೆಕ್ಟ್ ಮೆಥಡ್ ಹೇಳಿಕೊಟ್ಟಿದ್ದರು. ಅಂದರೆ ಇಂಗ್ಲಿಷ್ ಪದಕ್ಕೆ ಕನ್ನಡದಲ್ಲಿ ಅರ್ಥ ಹೇಳುವ ಹಾಗಿಲ್ಲ. ವಸ್ತುವಾದರೆ ತೋರಿಸಬೇಕು, ಕೆಲಸವಾದರೆ ಮಾಡಿ ತೋರಿಸಬೇಕು. ಮಕ್ಕಳೂ ಅದನ್ನೇ ಮಾಡುತ್ತಾ ಆ ಮಾತು ಆಡಬೇಕು. ಓಡು ಎಂಬುದಕ್ಕೆ ಓಡಿ, ಅಳು ಎಂಬುದಕ್ಕೆ ಅತ್ತು ನಾನು ಊರವರಿಗೆಲ್ಲ ಒಳ್ಳೆಯ ನಗೆಪಾಟಲಾಗಿದ್ದೆ.

ಶಾಲೆಯಲ್ಲಿ ಹೆಡ್‌ಮೇಷ್ಟ್ರು ನಂಜುಂಡಯ್ಯನವರು. ಅವರೂ ಹೊರಗಿನಿಂದ ಬಂದವರೇ, ಆದರೆ ಒಂಬತ್ತು ವರ್ಷ ಆ ಊರಿನಲ್ಲಿ ಯಾರ ಎದುರೂ ಒಂದು ಮಾತು ಎತ್ತರಿಸದೆ ಬದುಕಿದ್ದರು. ನನ್ನ ತರಗತಿಯಲ್ಲಿ ಒಬ್ಬಳೇ ಹುಡುಗಿ, ಹೆಸರು ನಿಂಗಮ್ಮ; ಬೋರೇಗೌಡನೆಂಬ ರೈತನ ಮಗಳು. ಅವಳು ಬಾಗಿಲ ಬಳಿ ಒಂಟಿಯಾಗಿ ಕೂರುತ್ತಿದ್ದಳು. ಬಳಪ ಕೇಳಿದರೆ ಯಾರೂ ಕೊಡುತ್ತಿರಲಿಲ್ಲ. ಅವಳು ಏನಾದರೂ ಕೇಳಿದರೆ ಹುಡುಗರು ಕಿವಿ ಇಲ್ಲದವರಂತೆ ಕೂತಿರುತ್ತಿದ್ದರು. ಹೆಣ್ಣುಮಗು ಒಬ್ಬಳೇ ಎಂದು ಹುಡುಗರು ನಾಚುತ್ತಾರೇನೋ ಎಂದುಕೊಂಡೆ. ಹೆಡ್‌ಮೇಷ್ಟ್ರನ್ನು ಕೇಳಿದ್ದಕ್ಕೆ ಅವರು, “ಅದೆಲ್ಲ ಊರಿನ ವಿಷಯ, ಶಾಮರಾಯರೇ. ನೀವು ಪಾಠ ಮಾಡಿ” ಎಂದು ನಶ್ಯದ ಡಬ್ಬಿ ತೆರೆದರು.

ನಾನು ಹೋಗಿ ತಿಂಗಳಾಗುವುದರೊಳಗೆ ಊರಿನಲ್ಲೊಂದು ಮದುವೆ ನಡೆಯಿತು, ಮೇಷ್ಟ್ರೆಂದು ನನ್ನನ್ನೂ ಕರೆದಿದ್ದರು. ಅಲ್ಲಿ ಧಾರೆ ಮುಗಿದ ಮೇಲೆ ವೀಳ್ಯ ಕೂಗುವುದನ್ನು ಮೊದಲ ಸಲ ನೋಡಿದೆ. ಚಪ್ಪರದಲ್ಲಿ ಎಲ್ಲರೂ ಸುತ್ತ ಕೂತಿದ್ದರು. ನಡುವೆ ಒಂದು ತಟ್ಟೆ, ಅದರ ತುಂಬ ಎಲೆ ಅಡಿಕೆ. ಒಬ್ಬಾತ ನಿಂತು ಗಟ್ಟಿ ದನಿಯಲ್ಲಿ ಒಂದೊಂದು ಮನೆಯ ಹೆಸರು ಹಿಡಿದು ಕೂಗಿದ. ಕೂಗಿದ ಮನೆಯವರು ಎದ್ದು ಬಂದು ಎರಡೂ ಕೈ ಚಾಚಿ ಎಲೆ ತೆಗೆದುಕೊಂಡರು. ಮೊದಲ ವೀಳ್ಯ ಊರಿನ ಯಜಮಾನ ದೊಡ್ಡೇಗೌಡರ ಮನೆಗೆ. ಒಂದು ಎಲೆಗೆ ಇಷ್ಟು ಮರ್ಯಾದೆಯೇ ಎಂದು ನನಗೆ ತುಂಬ ಖುಷಿಯಾಯಿತು. ಕೂಗದೆ ಬಿಟ್ಟ ಮನೆ ಯಾವುದಾದರೂ ಇದೆಯೇ ಎಂದು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಅದಾದ ವಾರವೇ ಪುಸ್ತಕದಲ್ಲಿ ಒಂದೇ ಬಗೆಯ ಪದಗಳ ಪಾಠ ಬಂತು. ಬಿಲಾಂಗ್ ಅಂದರೆ ಒಂದು ಕೂಟಕ್ಕೆ ಸೇರಿದವರಾಗಿರುವುದು. ಫಿಟ್ ಇನ್ ಅಂದರೆ ಅಲ್ಲಿ ಸರಿಯಾಗಿ ಒಗ್ಗುವುದು. ಗೆಟ್ ಅಲಾಂಗ್ ಅಂದರೆ ಜಗಳವಿಲ್ಲದೆ ಜೊತೆಯಲ್ಲಿ ಬಾಳುವುದು. ಕನ್‌ಫಾರ್ಮ್ ಅಂದರೆ ಹತ್ತು ಜನ ನಡೆದಂತೆ ತಾನೂ ನಡೆಯುವುದು. ಪುಸ್ತಕದಲ್ಲಿ ಇವು ನಾಲ್ಕೂ ಒಂದೇ ಸಾಲಿನಲ್ಲಿ ಅಣ್ಣತಮ್ಮಂದಿರಂತೆ ಕೂತಿದ್ದವು. ಆದರೆ ಇವನ್ನು ಮಾಡಿ ತೋರಿಸುವುದು ಹೇಗೆ? ಸಾಯಂಕಾಲವೆಲ್ಲ ಯೋಚಿಸಿದೆ. ಮದುವೆಯ ವೀಳ್ಯ ನೆನಪಾದದ್ದೇ ತಡ, ಅಂಗಡಿಗೆ ಹೋಗಿ ಒಂದು ಕಟ್ಟು ಎಲೆ ತಂದು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆ.

ಮಾರನೆಯ ದಿನ ಮಕ್ಕಳನ್ನು ಸುತ್ತ ಕೂರಿಸಿ, ನಡುವೆ ತಟ್ಟೆ ಇಟ್ಟೆ. ಮದುವೆಯಲ್ಲಿ ಕಂಡ ಕ್ರಮದಂತೆಯೇ ದೊಡ್ಡೇಗೌಡರ ಮೊಮ್ಮಗ ತಿಮ್ಮನನ್ನು ಮೊದಲು ಕರೆದೆ. “ತಿಮ್ಮೇಗೌಡ, ಯೂ ಬಿಲಾಂಗ್!” ಎಂದು ಕೂಗಿದೆ. ಅವನು ಎದ್ದು ಬಂದು, ಅಜ್ಜನ ಗತ್ತಿನಲ್ಲೇ ಎಲೆ ತೆಗೆದುಕೊಂಡು, “ಐ ಬಿಲಾಂಗ್” ಎಂದು ಅದನ್ನು ಬಾಯಿಗೆ ಹಾಕಿಕೊಂಡು ತಟ್ಟೆಯ ಪಕ್ಕದಲ್ಲೇ ನಿಂತ. ಮಕ್ಕಳಿಗೆ ಭಾರಿ ಉತ್ಸಾಹ. ಒಬ್ಬೊಬ್ಬರೇ ಬಂದರು. ಕೊನೆಗೆ ನಿಂಗಮ್ಮನ ಹೆಸರು ಕೂಗಿದೆ. ಗಲಾಟೆ ಥಟ್ಟನೆ ನಿಂತಿತು. ಅವಳು ಕೂತಲ್ಲಿಂದ ಏಳಲಿಲ್ಲ. ನಾನೇ ಹೋಗಿ ಕೈ ಹಿಡಿದು ಕರೆತಂದು ತಿಮ್ಮನ ಪಕ್ಕ ನಿಲ್ಲಿಸಿ ಎಲೆ ಕೊಟ್ಟೆ. “ಐ ಬಿಲಾಂಗ್” ಎಂದಳು, ನನಗೂ ಕಷ್ಟಪಟ್ಟು ಕೇಳಿಸುವಷ್ಟು ಮೆಲ್ಲಗೆ. ಎಲೆಯನ್ನು ತಿನ್ನಲಿಲ್ಲ, ಲಂಗದ ಅಂಚಿಗೆ ಕಟ್ಟಿಕೊಂಡಳು. ಹುಡುಗರು ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಪಾಠ ಮಕ್ಕಳ ಮನಸ್ಸಿಗೆ ಎಷ್ಟು ನಾಟಿದೆ ಎಂದು ನಾನು ಹಿಗ್ಗಿದೆ.

ಮರುದಿನ ಬೆಳಿಗ್ಗೆ ಶಾಲೆಯ ಹೊತ್ತಿಗೆ ಹೆಡ್‌ಮೇಷ್ಟ್ರು ನಾನಿದ್ದ ಕೋಣೆಗೇ ಬಂದರು. ಮುಖದಲ್ಲಿ ರಕ್ತವಿರಲಿಲ್ಲ. “ಏನು ಮಾಡಿಬಿಟ್ಟಿರಿ ರಾಯರೇ, ಏನು ಮಾಡಿಬಿಟ್ಟಿರಿ” ಎಂದು ಅದನ್ನೇ ನಾಲ್ಕು ಸಲ ಅಂದರು. ಆಮೇಲೆ ಬಾಗಿಲು ಹಾಕಿಕೊಂಡು ನನಗೆ ವಿಷಯ ತಿಳಿಸಿದರು. ಅದನ್ನು ಇಲ್ಲಿ ಬಿಡಿಸಿ ಹೇಳುವುದು ಅಗತ್ಯ.

ಆ ಸೀಮೆಯಲ್ಲಿ ಕಟ್ಟೆಮನೆ ಎಂದು ಒಂದಿರುತ್ತದೆ. ಸುತ್ತಲಿನ ಹಲವು ಹಳ್ಳಿಗಳ ಕುಲದವರಿಗೆ ನ್ಯಾಯ ಹೇಳುವ ಜಾಗ ಅದು, ಅದರ ಯಜಮಾನರು ದೊಡ್ಡೇಗೌಡರು. ನಿಂಗಮ್ಮನ ತಂದೆ ಬೋರೇಗೌಡ ನಾಲೆ ನೀರಿನ ಸರದಿಯ ಜಗಳದಲ್ಲಿ ಕಟ್ಟೆಮನೆಯ ತೀರ್ಪು ಒಪ್ಪದೆ ಮಂಡ್ಯದ ಕೋರ್ಟಿಗೆ ಹೋಗಿದ್ದ. ಆ ತಪ್ಪಿಗೆ ಅವನ ಮನೆಯನ್ನು ಕುಲದಿಂದ ಹೊರಗಿಟ್ಟಿದ್ದರು. ಅಗಸ ಬಟ್ಟೆ ಒಯ್ಯುವಂತಿಲ್ಲ, ಕ್ಷೌರದವನು ಬರುವಂತಿಲ್ಲ, ಒಲೆಗೆ ಕೆಂಡ ಕೊಡುವಂತಿಲ್ಲ, ಮಾತು ಕೂಡದು. ಅಂಥವರ ಜೊತೆ ಒಂದೇ ತಟ್ಟೆಯ ವೀಳ್ಯ ತೆಗೆದುಕೊಂಡವರೂ ಹೊರಗೆ. ಆದರೆ ಕೂಡಿದ ಜನದ ನಡುವೆ ಹೆಸರು ಕೂಗಿ ಕೊಟ್ಟದ್ದನ್ನು ಯಜಮಾನರ ಮನೆಯವರೇ ಜೊತೆಯಲ್ಲಿ ತೆಗೆದುಕೊಂಡು, ಆ ಗಳಿಗೆಯಲ್ಲಿ ಯಾರೂ ಬೇಡವೆನ್ನದಿದ್ದರೆ, ಹೊರಗಿದ್ದವರನ್ನು ಒಳಗೆ ಕರೆದುಕೊಂಡಂತೆ. ಇದು ಅವರ ಕಟ್ಟಳೆ. ತಿಮ್ಮ ಎಲೆ ಅಗಿಯುತ್ತಾ ನಿಂತಿದ್ದಾಗ ನಿಂಗಮ್ಮ ಅದೇ ತಟ್ಟೆಯಿಂದ ತೆಗೆದುಕೊಂಡಿದ್ದಳು. ಈಗ ಬೋರೇಗೌಡ ಒಳಗೆ ಬಂದನೆನ್ನಬೇಕು, ಇಲ್ಲವೇ ಯಜಮಾನರ ಮೊಮ್ಮಗನೇ ಹೊರಗೆ ಹೋದನೆನ್ನಬೇಕು.

“ಇಷ್ಟೇ ಆಗಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ” ಎಂದರು ನಂಜುಂಡಯ್ಯನವರು. ಬೋರೇಗೌಡನ ಹೆಂಡತಿಗೆ ಎರಡು ದಿನದಿಂದ ಹೆರಿಗೆ ನೋವು. ಸೂಲಗಿತ್ತಿ ಸಿದ್ದಮ್ಮ ಬಂದಿರಲಿಲ್ಲ. ಬಂದರೆ ಅವಳ ಮನೆಯೂ ಹೊರಗಾಗುತ್ತಿತ್ತು, ಅವಳ ಮಗಳಿಗೆ ಲಗ್ನ ಗೊತ್ತಾಗಿತ್ತು. ನಿಂಗಮ್ಮ ಶಾಲೆಯಿಂದ ಓಡಿ ಹೋಗಿ ಆ ಎಲೆಯನ್ನು ಅಪ್ಪನ ಕೈಗೆ ಕೊಟ್ಟಿದ್ದಾಳೆ. ಬೋರೇಗೌಡ ಅದನ್ನು ಸಿದ್ದಮ್ಮನಿಗೆ ತೋರಿಸಿ, ದೊಡ್ಡೇಗೌಡರ ಮನೆಯ ಜೊತೆ ತೆಗೆದುಕೊಂಡದ್ದೆಂದು ಹೇಳಿದ್ದಾನೆ. ನಾಲ್ಕು ಹುಡುಗರು ಹೌದೆಂದಿದ್ದಾರೆ. ಸಿದ್ದಮ್ಮ ಒಳಗೆ ಹೋಗಿ ಕೂತಿದ್ದಾಳೆ. ಕೂಸು ಅಡ್ಡ ತಿರುಗಿದೆಯಂತೆ. ಮಂಡ್ಯದ ಆಸ್ಪತ್ರೆಗೆ ಗಾಡಿ ಕಟ್ಟಿದರೆ ಕುಲುಕಾಟಕ್ಕೆ ತಾಯಿ ದಾರಿಯಲ್ಲೇ ಹೋಗಿಬಿಡುತ್ತಾಳೆ ಎಂದು ಸಿದ್ದಮ್ಮನೇ ಅಂದಳಂತೆ.

“ಯಜಮಾನರು ಈಗ ಶಾಲೆಗೆ ಬರುತ್ತಾರೆ. ಅದು ವೀಳ್ಯವಲ್ಲ, ಮಕ್ಕಳಾಟ ಎಂದು ನಿಮ್ಮ ಬಾಯಿಂದ ಒಂದು ಮಾತು ಬಂದರೆ ಮುಗಿಯಿತು. ಸುಳ್ಳೇನೂ ಅಲ್ಲವಲ್ಲ? ನೀವು ಆಡಿಸಿದ್ದು ಆಟವೇ. ಹೊಂದಿಕೊಂಡು ಹೋಗಿ, ರಾಯರೇ. ನಾವು ಬದುಕಬೇಕಾದವರು.”

ನನಗೆ ಒಪ್ಪಿಗೆಯಾಯಿತು. ನಿಜ ಹೇಳುತ್ತೇನೆ, ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಆಟ ಎಂದುಬಿಟ್ಟರೆ ಸಾಕಲ್ಲ! ಬಟ್ಟೆ ಬದಲಿಸಿ ಅವರ ಹಿಂದೆಯೇ ಹೊರಟೆ. ಅರ್ಧ ದಾರಿಗೆ ಬರುವಾಗ ಒಂದು ಪ್ರಶ್ನೆ ಹೊಳೆದು ನಿಂತುಬಿಟ್ಟೆ. “ನಾನು ಆಟ ಅಂದರೆ ಸಿದ್ದಮ್ಮ ಏನು ಮಾಡುತ್ತಾಳೆ?” ಎಂದು ಕೇಳಿದೆ. ನಂಜುಂಡಯ್ಯನವರು ಬಿರಬಿರನೆ ನಡೆದರು.

ಶಾಲೆಯ ಅಂಗಳದಲ್ಲಿ ಊರಿನ ಗಂಡಸರೆಲ್ಲ ನಿಂತಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ಕೂಗಾಡಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ. ಕೆಲವರ ಕೈಯಲ್ಲಿ ಗುದ್ದಲಿ ಇತ್ತು. ಗದ್ದೆಗೆ ಹೊರಟವರು ಹಾಗೇ ಬಂದಿದ್ದಿರಬೇಕು, ಆದರೆ ನನ್ನ ಕಣ್ಣು ಗುದ್ದಲಿಯನ್ನು ಬಿಟ್ಟು ಬೇರೇನನ್ನೂ ನೋಡುತ್ತಿರಲಿಲ್ಲ. ಬೋರೇಗೌಡ ಎಲ್ಲರಿಗಿಂತ ದೂರ, ಬೇಲಿಯ ಆಚೆ ನಿಂತಿದ್ದ. ಅವನ ಮನೆ ಅಲ್ಲಿಂದ ಮೂರನೆಯದು. ಅವನ ಹೆಂಡತಿಯ ನರಳಾಟ ಅಂಗಳಕ್ಕೆ ಕೇಳಿಸುತ್ತಿತ್ತು. ಕೇಳಿಸುತ್ತಿದೆ ಎಂಬಂತೆ ಅಲ್ಲಿ ಯಾರ ಮುಖವೂ ಇರಲಿಲ್ಲ.

ದೊಡ್ಡೇಗೌಡರು ಜಗಲಿಯ ಮೇಲೆ ಕೂತಿದ್ದರು. ಎಪ್ಪತ್ತರ ಆಸುಪಾಸಿನ ಮುದುಕರು, ತಲೆಗೆ ಬಿಳಿ ರುಮಾಲು. ನನ್ನನ್ನು ಕಂಡು ಎದ್ದು ನಿಂತರು. ಆ ಮರ್ಯಾದೆ ನನ್ನನ್ನು ಇನ್ನಷ್ಟು ಹೆದರಿಸಿತು.

“ಮೇಷ್ಟ್ರೇ, ನೀವು ಪ್ಯಾಟೆಯೋರು, ನಮ್ಮ ಕಟ್ಟಳೆ ನಿಮಗೆ ಗೊತ್ತಿಲ್ಲ. ಅದುಕ್ಕೆ ನಿಮ್ಮ ಮ್ಯಾಲೆ ನನಗೆ ಸಿಟ್ಟಿಲ್ಲ ಕಣಿ. ನೆನ್ನೆ ನೀವು ಉಡುಗ್ರಿಗೆ ಕೊಟ್ಟಿದ್ದು ಈಳ್ಯವೋ, ಆಟವೋ? ಜನದ ಮುಂದೆ ಯೋಳ್ಬುಡಿ. ಆಟ ಅಂದ್ರೆ ಅವ್ರವ್ರ ಮನೆಗೆ ಓಯ್ತಾರೆ.”

ಅಷ್ಟರಲ್ಲಿ ಕಟ್ಟೆಮನೆಯ ಕೋಲುಕಾರ, ಅಂದರೆ ಯಜಮಾನರ ಮಾತನ್ನು ಮನೆಮನೆಗೆ ಮುಟ್ಟಿಸುವವನು, ಬೋರೇಗೌಡನ ಮನೆಯ ಕಡೆಯಿಂದ ಏದುಸಿರು ಬಿಡುತ್ತಾ ಬಂದ. ಸಿದ್ದಮ್ಮನನ್ನು ಎದ್ದು ಬರಹೇಳಲು ಅವನನ್ನು ಕಳಿಸಿದ್ದರು. “ಬರಾಕಿಲ್ಲ ಅಂತಾಳೆ ಗೌಡ್ರೇ. ‘ಮೇಷ್ಟ್ರು ಆಟ ಅಂದ್ರೆ ಎದ್ ಬತ್ತೀನಿ, ನನಗೂ ಮದ್ವೆಗಿರೋ ಮಗ್ಳವ್ಳೆ. ಈಳ್ಯ ಅಂದ್ರೆ ಕುಂತಿರ್ತೀನಿ. ಯಾವುದಾದ್ರೂ ಜಲ್ದಿ ಯೋಳ್ರಪ್ಪಾ, ಕೂಸು ಸಿಕ್ಕಾಕ್ಕಂಡದೆ’ ಅಂದ್ಲು” ಎಂದ.

ಅಂಗಳವೆಲ್ಲ ನನ್ನ ಕಡೆ ತಿರುಗಿತು. ಆಟ ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು, ಬಾಯಿ ತೆರೆದೂ ಇದ್ದೆ. ಆಗ ಆ ನರಳಾಟ ಒಂದು ಸಲ ಜೋರಾಗಿ ಏರಿ, ಪಕ್ಕನೆ ನಿಂತುಹೋಯಿತು. ಮತ್ತೆ ಬರಲಿಲ್ಲ. ಬೇಲಿಯ ಆಚೆ ಬೋರೇಗೌಡ ಎರಡೂ ಕೈಗಳಿಂದ ಮುಳ್ಳುಬೇಲಿಯನ್ನೇ ಹಿಡಿದುಕೊಂಡ. ಕೈಗೆ ಮುಳ್ಳು ಚುಚ್ಚುತ್ತಿರುವುದು ಅವನಿಗೆ ತಿಳಿದಂತೆ ಕಾಣಲಿಲ್ಲ. ಸತ್ತಳೇನೋ, ನಾನು ಬಾಯಿ ತೆರೆದದ್ದಕ್ಕೇ ಸತ್ತಳೇನೋ ಎನ್ನಿಸಿತು.

“ನಾನು ಶಾಲೆಯಲ್ಲಿ ಪಾಠ ಮಾಡುತ್ತೇನೆ, ಗೌಡರೇ, ಆಟ ಆಡಿಸುವುದಿಲ್ಲ” ಎಂದೆ. “ಹೆಸರು ಕೂಗಿದೆ, ಎಲೆ ಕೊಟ್ಟೆ. ನಿಮ್ಮ ಮೊಮ್ಮಗ ತೆಗೆದುಕೊಂಡ, ಅವಳೂ ತೆಗೆದುಕೊಂಡಳು. ಯಾರೂ ಬೇಡ ಅನ್ನಲಿಲ್ಲ.”

ಧೈರ್ಯದಿಂದ ಹೇಳಿದೆ ಎಂದು ದಯವಿಟ್ಟು ಯಾರೂ ತಿಳಿಯಬೇಡಿ. ಎರಡು ಹೆದರಿಕೆಗಳಿದ್ದವು, ಅವುಗಳಲ್ಲಿ ದೊಡ್ಡದು ಗೆದ್ದಿತು, ಅಷ್ಟೇ. ಹೆಡ್‌ಮೇಷ್ಟ್ರು ನನ್ನ ಪಕ್ಕದಿಂದ ಮೆಲ್ಲಗೆ ಎರಡು ಹೆಜ್ಜೆ ದೂರ ಸರಿದರು.

ದೊಡ್ಡೇಗೌಡರು ಕೋಲನ್ನು ಊರಿಕೊಂಡು ಮತ್ತೆ ಜಗಲಿಯ ಮೇಲೆ ಕೂತರು. “ನಾಳೀಕೆ ಉಳಿಕೆ ಅಳ್ಳಿಯೋರು ಬಂದು ಕೇಳ್ತಾರೆ. ಅವರ್ಗೆ ನಾನೇನ್ ಯೋಳ್ಲಿ?” ಎಂದು ಯಾರನ್ನೂ ನೋಡದೆ ಅಂದರು. ಅವರಿಗೂ ಭಯ. ಊರಿಗೆಲ್ಲ ಭಯ ಹುಟ್ಟಿಸುವ ಮನುಷ್ಯ ಸ್ವತಃ ಹೀಗೆ ಅಂಜುತ್ತಾರೆಂದು ನಾನು ಎಣಿಸಿರಲಿಲ್ಲ. ಆಮೇಲೆ ಎದ್ದು ಜನದತ್ತ ತಿರುಗಿದರು.

“ಕೇಳುಸ್ಕಂಡ್ರೇನ್ಲಾ? ಬೋರ ಒಳಗವ್ನೆ. ಓಗ್ಲಾ, ಸಿದ್ದಮ್ಮಂಗೆ ಎದ್ದೇಳ್ಬ್ಯಾಡ ಅನ್ನು.” ಕೋಲುಕಾರ ಓಡಿದ. ಅವನ ಹಿಂದೆ ಬೋರೇಗೌಡನೂ ಓಡಿದ. ದೊಡ್ಡೇಗೌಡರು ಜಗಲಿ ಇಳಿಯುತ್ತಾ ನನ್ನ ಬಳಿ ನಿಂತು, ನನಗೆ ಮಾತ್ರ ಕೇಳುವಂತೆ ಅಂದರು: “ಅವನನ್ನ ಒಳಕ್ಕೆ ಕರ್ದೋರು ನೀವು ಮೇಷ್ಟ್ರೇ. ನಿಮ್ಮನ್ನ ಒಳಕ್ಕೆ ಕರ್ದೋರು ಯಾರೂ ಇಲ್ಲ. ಅದು ಗೆಪ್ತಿಲಿರ್ಲಿ.”

ಮಧ್ಯಾಹ್ನದ ಹೊತ್ತಿಗೆ ಕೂಸು ಹುಟ್ಟಿತು, ತಾಯಿಯೂ ಉಳಿದಳು ಎಂದು ಹೆಡ್‌ಮೇಷ್ಟ್ರು ಗೋಡೆಯ ಕಡೆ ಮುಖ ಮಾಡಿಕೊಂಡು ಹೇಳಿದರು. ನಾನು ತರಗತಿಯ ಬಾಗಿಲು ಹಾಕಿಕೊಂಡು ಅತ್ತೆ.

ನನ್ನ ಮೇಲೆ ಯಾರೂ ಯಾವ ತೀರ್ಪೂ ಕೊಡಲಿಲ್ಲ. ಸರ್ಕಾರಿ ಮೇಷ್ಟ್ರ ಮೇಲೆ ಕೊಡುವುದು ಹೇಗೆ? ಆದರೆ ಮಾರನೆಯ ದಿನ ಹಾಲಿನವಳು ಬರಲಿಲ್ಲ. ಕೋಣೆಯ ಮಾಲೀಕ, ಮಗ ಸೊಸೆ ಬರುತ್ತಾರೆಂದು ಹೇಳಿ ಜಾಗ ಬಿಡಿಸಿದ. ಅಂಗಡಿಯವನು ನನ್ನನ್ನು ದಾಟಿ ಹಿಂದೆ ನಿಂತವರನ್ನು ಕೇಳಲು ಶುರುಮಾಡಿದ. ಶಾಲೆಯ ಹಿಂದಿನ ಸಾಮಾನಿನ ಕೋಣೆಯಲ್ಲಿ ಮಲಗಿ, ನಾಲೆಯಿಂದ ನೀರು ತಂದು ಗಂಜಿ ಬೇಯಿಸಿಕೊಂಡೆ. ಬೀದಿಯಲ್ಲಿ ನಡೆದರೆ ಮಾತಾಡುತ್ತಿದ್ದವರು ನಿಲ್ಲಿಸುತ್ತಿದ್ದರು, ದಾಟಿದ ಮೇಲೆ ಮುಂದುವರಿಸುತ್ತಿದ್ದರು. ಯಾರೂ ಬೈಯಲಿಲ್ಲ, ಕಲ್ಲು ತೂರಲಿಲ್ಲ. ಮನುಷ್ಯನ ದನಿ ಕೇಳದೆ ದಿನ ಕಳೆದರೆ ತಾನು ಇದ್ದೇನೆಯೇ ಎಂಬ ಅನುಮಾನ ಬರುತ್ತದೆ. ಒಮ್ಮೊಮ್ಮೆ ನನ್ನ ಹೆಸರನ್ನು ನಾನೇ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಬೋರೇಗೌಡನ ಮನೆ ಇದನ್ನು ಹೇಗೆ ತಡೆದುಕೊಂಡಿತು ಎಂದು ಆಗೆಲ್ಲ ನೆನೆಯುತ್ತಿದ್ದೆ.

ಮಕ್ಕಳು ಶಾಲೆಗೆ ಬರುತ್ತಿದ್ದರು, ಆದರೆ ಬಾಯಿ ತೆರೆಯುತ್ತಿರಲಿಲ್ಲ. ನಿಂಗಮ್ಮ ಈಗ ನಡುಸಾಲಿನಲ್ಲಿ ಕೂತಿದ್ದಳು. ಅವಳಾದರೂ ಮಾತಾಡುತ್ತಾಳೆ ಎಂದು ನಾನು ನಂಬಿದ್ದೆ. ಒಂದು ದಿನ ಅದೇ ಪಾಠ ತಿರುವಿಹಾಕುತ್ತಾ, ಗೆಟ್ ಅಲಾಂಗ್ ಸೇರಿಸಿ ಒಂದು ವಾಕ್ಯ ಹೇಳಮ್ಮ ಎಂದು ಅವಳನ್ನೇ ಕೇಳಿದೆ. ಅವಳಿಗೆ ಉತ್ತರ ಬರುತ್ತಿತ್ತು. ತುಟಿ ಅಲುಗಿದ್ದನ್ನು ನಾನು ನೋಡಿದೆ. ಆದರೆ ಅವಳು ಮೊದಲು ತಿಮ್ಮನ ಮುಖ ನೋಡಿದಳು, ಆಮೇಲೆ ಅಕ್ಕಪಕ್ಕದವರ ಮುಖ ನೋಡಿದಳು, ಆಮೇಲೆ ತಲೆ ತಗ್ಗಿಸಿದಳು. ನನಗೆ ಸಿಟ್ಟು ಬಂತು, ಸಂಕಟವೂ ಆಯಿತು. ಆ ಸಂಜೆಯೇ ವರ್ಗಕ್ಕೆ ಅರ್ಜಿ ಬರೆದೆ.

ಮಳವಳ್ಳಿಗೆ ವರ್ಗವಾಯಿತು. ಗಾಡಿ ಕೊಡುವವರಿಲ್ಲ, ಟ್ರಂಕು ತಲೆಯ ಮೇಲೆ ಹೊತ್ತು ನಾಲೆ ಏರಿಯ ಮೇಲೆ ಬಸ್ಸಿನ ರಸ್ತೆಗೆ ನಡೆದೆ. ದಾರಿಯಲ್ಲಿ ಬೋರೇಗೌಡ ತನ್ನ ಗದ್ದೆಗೆ ನೀರು ತಿರುಗಿಸುತ್ತಿದ್ದ. ಹತ್ತಿರ ಯಾರೂ ಇರಲಿಲ್ಲ. ನಾನು ನಿಂತು, “ಮನೆಯಲ್ಲಿ ಹೇಗಿದ್ದಾರೆ, ಬೋರೇಗೌಡ?” ಎಂದೆ.

ಅವನು ಗುದ್ದಲಿ ನಿಲ್ಲಿಸಿದ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಕಣ್ಣು ತುಂಬಿಕೊಂಡಿದ್ದವು. “ಇಬ್ರೂ ಚೆಂದಾಗವ್ರೆ” ಎಂದು ನೀರಿಗೆ ಹೇಳುವಂತೆ ಹೇಳಿದ. ಆಮೇಲೆ ಕೈ ಮುಗಿದ. “ದಮ್ಮಯ್ಯ, ನನ್ನ ಮಾತಾಡುಸ್ಬ್ಯಾಡಿ ಮೇಷ್ಟ್ರೇ. ಈಗ ನಾನೂ ಒಳಗಿವ್ನಿ.”

ಮಳವಳ್ಳಿಯಲ್ಲಿ, ಆಮೇಲೆ ಮದ್ದೂರಿನಲ್ಲಿ, ಮೂವತ್ತು ವರ್ಷಕ್ಕೂ ಮೇಲೆ ಇಂಗ್ಲಿಷ್ ಕಲಿಸಿದೆ. ಹೊಸ ಊರಿಗೆ ಹೋದಾಗಲೆಲ್ಲ, ಒಂದು ಪದವನ್ನು ಮಕ್ಕಳ ಕೈಯಲ್ಲಿ ಮಾಡಿಸುವ ಮೊದಲು, ಅದನ್ನು ಮಾಡಿದರೆ ಆ ಊರಿನಲ್ಲಿ ಯಾರು ಏನು ತೆರಬೇಕಾಗುತ್ತದೆ ಎಂದು ವಿಚಾರಿಸಿಕೊಳ್ಳುವ ಅಭ್ಯಾಸವಾಯಿತು. ಕೆಲಸ ನನಗೆ ಕಲಿಸಿದ್ದು ಅದು. ಬೋರೇಗೌಡ ಕಲಿಸಿದ್ದು ಇನ್ನೊಂದು. ಹೊರಗಿದ್ದಾಗ ಅವನು ನನ್ನನ್ನು ಕಂಡರೆ ನಿಂತು ನಮಸ್ಕಾರ ಹೇಳುತ್ತಿದ್ದ, ಕೋರ್ಟಿಗೂ ಒಬ್ಬನೇ ಹೋಗಿಬರುತ್ತಿದ್ದ; ಅಷ್ಟು ಗಟ್ಟಿಗ. ಅವನ ಕಣ್ಣಿನಲ್ಲಿ ನಾನು ಜನರ ಹೆದರಿಕೆಯನ್ನು ಕಂಡದ್ದು, ಒಳಗೆ ಬಂದ ಮೇಲೆ ಆ ಏರಿಯ ಮೇಲೆಯೇ.